ಜೇಡ ಎಂದರೆ ಯಾರು?



ಜಮಖಂಡಿ, ಮುಧೋಳ, ಬೀಳಗಿ ಕಡೆಯ ಯಾವುದೇ ಶಾಲೆಯಲ್ಲಿ ಹಾಜರಿ ಕೂಗುವುದನ್ನು ಕೇಳಿ. ಬಡಿಗೇರ, ಕಂಬಾರ, ಪತ್ತಾರ, ಹೂಗಾರ, ಗಾಣಿಗೇರ ಎಂಬ ಅಡ್ಡಹೆಸರುಗಳು ಸಾಲಾಗಿ ಬರುತ್ತವೆ. ಬಡಿಗೇರರ ಹುಡುಗ ಉಳಿ ಹಿಡಿದಿರಲಿಕ್ಕಿಲ್ಲ. ಗಾಣಿಗೇರರ ಹುಡುಗಿ ಗಾಣವನ್ನೇ ಕಂಡಿರಲಿಕ್ಕಿಲ್ಲ. ಕಸುಬು ಮನೆ ಬಿಟ್ಟರೂ ಅದರ ಹೆಸರು ಮನೆಯಲ್ಲೇ ಉಳಿದಿದೆ.

ಇದು ಈ ನಾಡಿಗೆ ಹೊಸದಲ್ಲ. ಮುಧೋಳದ ಕವಿ ರನ್ನ ಬಳೆಗಾರರ ಮನೆತನದವನು. 993ರಲ್ಲಿ 'ಅಜಿತಪುರಾಣ' ಬರೆದ ಆತ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಕೈಗೆ ಲೇಖನಿ ಬಂದರೂ ಹುಟ್ಟಿದ ಕುಲವನ್ನು ಆತ ಮುಚ್ಚಿಡಲಿಲ್ಲ. ಮುಂದೆ ಜನಪದರ ಬಾಯಲ್ಲಿ ಬಳೆಗಾರ ಬರಿಯ ವ್ಯಾಪಾರಿಯಾಗಿ ಉಳಿಯಲಿಲ್ಲ. ತವರಿನ ಸುದ್ದಿ ತರುವ ಅಣ್ಣನಾದ. ಇಂದು ಬಳೆ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತದೆ. ಅಂಗಡಿಯವನನ್ನು ಯಾರೂ ಬಳೆಗಾರ ಎನ್ನುವುದಿಲ್ಲ.

ಇನ್ನು ರಬಕವಿ-ಬನಹಟ್ಟಿಗೆ ಬರೋಣ. ಸೀರೆಗೆ ಹೆಸರಾದ ಈ ಅವಳಿ ಪಟ್ಟಣದಲ್ಲಿ ಮಗ್ಗದ ಸದ್ದು ಕೇಳದ ಓಣಿಯನ್ನು ಹುಡುಕಬೇಕು. ಇಲ್ಲಿ ನೇಯುವವನಿಗೆ ಹಳಗನ್ನಡದಲ್ಲಿದ್ದ ಒಂದು ಹೆಸರು 'ಜೇಡ'. ಕೆಲವೆಡೆ ಅದೇ 'ಜಾಡ'. ಶಾಸನಗಳಲ್ಲಿ ಜೇಡರ ಸಂಘಗಳ ಮಾತಿದೆ. ಅವರು ತೆತ್ತ 'ಮಗ್ಗದೆರೆ' ಎಂಬ ತೆರಿಗೆಯ ಮಾತಿದೆ. ರಾಮನಾಥ ಅಂಕಿತದ ವಚನಕಾರ ಮುದನೂರಿನ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವ ಜೇಡ ಇದೇ. ಆತನೂ ದೇವರ ದಾಸಿಮಯ್ಯನೂ ಒಬ್ಬನೇ ಹೌದೋ ಅಲ್ಲವೋ ಎಂಬ ಬಗ್ಗೆ ವಿದ್ವಾಂಸರು ಸಾಕಷ್ಟು ವಾದಿಸಿದ್ದಾರೆ.

ಆದರೆ ಇಂದಿನ ಮಗುವಿಗೆ ಜೇಡ ಎಂದರೆ ಮೂಲೆಯಲ್ಲಿ ಬಲೆ ಕಟ್ಟುವ ಹುಳು. ಇದು ಹೇಗಾಯಿತು? 'ಜೇಡರ ಹುಳು' ಎಂದರೆ ನೇಕಾರರ ಹುಳು. ಅದೂ ನೂಲು ತೆಗೆದು ಹೆಣೆಯುತ್ತದಲ್ಲ! ತೆಲುಗಿನಲ್ಲಿಯೂ 'ಸಾಲೆ' ಎಂದರೆ ನೇಕಾರ, 'ಸಾಲೆಪುರುಗು' ಎಂದರೆ ಜೇಡ. ಸಂಸ್ಕೃತದ ಅಮರಕೋಶ 'ತಂತುವಾಯ' ಎಂಬ ಒಂದೇ ಪದವನ್ನು ಇಬ್ಬರಿಗೂ ಕೊಟ್ಟಿದೆ. ಇಂಗ್ಲಿಷಿನ ಸ್ಪೈಡರ್ ಕೂಡ ನೂಲುವುದೆಂಬ ಅರ್ಥದ ಧಾತುವಿನಿಂದ ಬಂದದ್ದು. ಕನ್ನಡದಲ್ಲಿ ಮಾತ್ರ ಹುಳು ಹೆಸರನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡಿತು. ಮನುಷ್ಯನಿಗೆ ಅದು ಅಡ್ಡಹೆಸರುಗಳಲ್ಲಿ ಅಷ್ಟಿಷ್ಟು ಉಳಿಯಿತು. ಅಂದಹಾಗೆ, ಜಾಡಮಾಲಿಯ 'ಜಾಡ' ಬೇರೆ. ಅದು ಹಿಂದಿಯ ಕಸಬರಿಗೆಯಿಂದ ಬಂದದ್ದು.

ಈಗ ಬಳಕೆಯಲ್ಲಿರುವ 'ನೇಕಾರ' ನೇಯುವ ಕೆಲಸವನ್ನು ಮಾತ್ರ ಹೇಳುವ ಪದ. ಆದರೂ ಅದು ಎರಡು ದಿಕ್ಕಿಗೆ ಎಳೆದಾಡುತ್ತಿದೆ. ದೇವಾಂಗ, ಹಟಗಾರ, ಪದ್ಮಸಾಲಿ, ಕುರುಹಿನಶೆಟ್ಟಿ ಮೊದಲಾದ ಸಮಾಜಗಳಿಗೆಲ್ಲ ಒಟ್ಟಾಗಿ ನೇಕಾರ ಸಮುದಾಯ ಎನ್ನುತ್ತೇವೆ. ಆಗ ಕಿರಾಣಿ ಅಂಗಡಿ ಇಟ್ಟವನೂ ನೇಕಾರನೇ. ಇನ್ನೊಂದು ಕಡೆ, ಬೇರೆ ಸಮಾಜದಿಂದ ಬಂದು ಪರರ ವಿದ್ಯುತ್ ಮಗ್ಗದ ಮುಂದೆ ಹಗಲೆಲ್ಲ ನಿಲ್ಲುವವನು 'ಕಾರ್ಮಿಕ'. ನೂಲು ಕೊಟ್ಟು ಸೀರೆ ಪಡೆಯುವ ಸಾಹುಕಾರನಿಗೆ ಲಾಳಿ ಮುಟ್ಟದಿದ್ದರೂ 'ಮಾಸ್ಟರ್ ವೀವರ್' ಎಂಬ ಬಿರುದಿದೆ. ಮನೆಯಲ್ಲಿ ಕಂಡಿಕೆ ಸುತ್ತುವ ತಾಯಿಗೆ ಯಾವ ಹೆಸರೂ ಇಲ್ಲ. ಬಳೆಗಾರ್ತಿ ಎಲ್ಲರ ಬಾಯಲ್ಲಿದ್ದಾಳೆ. ನೇಕಾರ್ತಿ ಎಂಬ ಮಾತು ಕಿವಿಗೆ ಬೀಳುವುದೇ ಅಪರೂಪ.

ಹೆಸರಿನಲ್ಲಿ ಏನಿದೆ ಎನ್ನಬಹುದು. ಅನ್ನವೇ ಇದೆ. 1985ರ ಕೇಂದ್ರ ಕಾಯ್ದೆಯೊಂದು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ವಿದ್ಯುತ್ ಮಗ್ಗವಲ್ಲದ ಮಗ್ಗವೆಲ್ಲ ಕೈಮಗ್ಗ ಎಂಬುದು ಅದರ ವ್ಯಾಖ್ಯೆ. 2020ರಲ್ಲಿ ರಾಜ್ಯ ಸರಕಾರ ತಂದ 'ನೇಕಾರ ಸಮ್ಮಾನ್' ಯೋಜನೆ ಮೊದಲು ಕೈಮಗ್ಗದ ನೇಕಾರರಿಗೆ ವರ್ಷಕ್ಕೆ 2,000 ರೂ. ನೆರವು ನೀಡಿತು. ಮುಂದೆ ಮೊತ್ತ 5,000 ರೂ. ಆಯಿತು, ವಿದ್ಯುತ್ ಮಗ್ಗದ ಕಾರ್ಮಿಕರೂ ಸೇರಿದರು. ಅಂದರೆ ಯಾರು ನೇಕಾರ ಎಂಬ ಪ್ರಶ್ನೆ ಪಂಡಿತರ ಮೇಜಿನಿಂದ ಅರ್ಜಿ ನಮೂನೆಗೆ ಇಳಿದಿದೆ. ಕೂಲಿ ಮಗ್ಗದವನು ಸ್ವತಂತ್ರ ಕಸುಬುದಾರನೋ ಕಾರ್ಮಿಕನೋ? ಮೊದಲನೆಯದಾದರೆ ಸಾಲ, ಸಹಾಯಧನದ ದಾರಿ. ಎರಡನೆಯದಾದರೆ ಕನಿಷ್ಠ ಕೂಲಿ, ಭವಿಷ್ಯನಿಧಿಯ ದಾರಿ. ಎರಡರ ನಡುವೆ ಸಿಕ್ಕವನಿಗೆ ಎರಡೂ ತಪ್ಪಬಹುದು.

ಜೇಡ ಎಂಬ ಪದ ಕೈತಪ್ಪಿದಾಗ ಯಾರ ಊಟವೂ ನಿಲ್ಲಲಿಲ್ಲ; ಅದರ ಜಾಗಕ್ಕೆ ಬೇರೆ ಪದ ಬಂತು. ನೇಕಾರ ಎಂಬ ಪದದ ಮಾತು ಹಾಗಲ್ಲ. ಹಾಸು ಹೂಡುವವರು, ಕಂಡಿಕೆ ಸುತ್ತುವವರು, ಕೂಲಿಗೆ ಮಗ್ಗ ನಡೆಸುವವರು ಎಲ್ಲರೂ ಸೇರಿದರೇ ಒಂದು ಸೀರೆ. ಅವರೆಲ್ಲರಿಗೂ ಆ ಪದದೊಳಗೆ ಜಾಗವಿರಬೇಕು.