ಗರಿಯ ನೊಣ, ಅರಸನ ಗಾಳ

ಗಾಳಕ್ಕೆ ಎರೆಹುಳು ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ಕಾಯುತ್ತ ಹಳ್ಳದ ದಂಡೆಯಲ್ಲಿ ಕೂರುವುದು ಕೃಷ್ಣೆ–ತುಂಗಭದ್ರೆಗಳ ನಡುವಿನ ಸೀಮೆಗೆ ಹೊಸದಲ್ಲ. ಮಲ್ಲಟದಂಥ ಊರಿನ ಹುಡುಗರಿಗೂ ಗೊತ್ತಿರುವ ವಿದ್ಯೆ ಅದು. ಆದರೆ ಎರೆಯೇ ಇಲ್ಲದೆ, ಒಂದು ಹಕ್ಕಿಯ ಗರಿ ಮತ್ತು ಒಂದಿಷ್ಟು ರೇಷ್ಮೆ ದಾರದಿಂದ ಮೀನನ್ನು ಮರುಳುಗೊಳಿಸುವ ಇನ್ನೊಂದು ವಿದ್ಯೆಯೂ ಇದೆ. ಯುರೋಪಿನ ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಮೀನಿಗಾಗಿ ಬೆಳೆದ ವಿದ್ಯೆ ಅದು. ಗಾಳದ ಮೇಲೆ ಕಟ್ಟಿದ ಆ ಹುಸಿ ಹುಳುವಿಗೆ ಅಲ್ಲಿನವರು ‘ನೊಣ’ ಎನ್ನುತ್ತಾರೆ. ದೂರದ ಆ ನೊಣಕ್ಕೂ ಕನ್ನಡ ನಾಡಿನ ಗಾಳಕ್ಕೂ ಏನು ಸಂಬಂಧ?

ಮೊದಲು ಮೀನಿನ ಊಟವನ್ನು ನೋಡಬೇಕು. ತೊರೆಯ ಟ್ರೌಟಿನ ಆಹಾರದಲ್ಲಿ ದೊಡ್ಡ ಪಾಲು ನೀರಿನಲ್ಲಿ ಹುಟ್ಟುವ ಹುಳುಗಳದು. ಇವು ಕಲ್ಲುಗಳ ಅಡಿಯಲ್ಲಿ ತಿಂಗಳುಗಟ್ಟಲೆ ಬೆಳೆದು, ಒಂದು ದಿನ ಮೇಲೇರಿ, ಪೊರೆ ಕಳಚಿ, ರೆಕ್ಕೆ ಬಿಚ್ಚಿ ಹಾರಿಹೋಗುತ್ತವೆ. ತಳದಿಂದ ಮೇಲಕ್ಕೆ ಬರುವ ಆ ಸ್ವಲ್ಪ ಹೊತ್ತು ಅವು ನಿಸ್ಸಹಾಯಕ. ಟ್ರೌಟ್ ಹೊಂಚು ಹಾಕುವುದು ಆಗಲೇ. ಮೆದು ಗರಿಯ ನೊಣ ಅನುಕರಿಸುವುದು ಈ ಗಳಿಗೆಯನ್ನು.

ಕಟ್ಟುವ ಕ್ರಮ ಸರಳ. ‘ಪಾರ್ಟ್ರಿಜ್ ಅಂಡ್ ಆರೆಂಜ್’ ಎಂಬ ಪ್ರಸಿದ್ಧ ನೊಣವನ್ನೇ ತೆಗೆದುಕೊಳ್ಳಿ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಗಾಳವನ್ನು ಪುಟ್ಟ ವೈಸಿನಲ್ಲಿ ಬಿಗಿದು, ಅದರ ಮೇಲೆ ಕಿತ್ತಳೆ ಬಣ್ಣದ ರೇಷ್ಮೆ ದಾರವನ್ನು ಒತ್ತೊತ್ತಾಗಿ ಸುತ್ತುತ್ತಾರೆ. ಹುಳುವಿನ ಮೈ ಎಂದರೆ ಅಷ್ಟೇ. ಬಳಿಕ ಗಾಳದ ಕಣ್ಣಿನ ಬಳಿ ಪಾರ್ಟ್ರಿಜ್ ಹಕ್ಕಿಯ ಕಂದು ಗರಿಯೊಂದನ್ನು ಕಟ್ಟಿ, ಒಂದೆರಡು ಸುತ್ತು ಹಾಕಿ, ಗಂಟು ಬಿಗಿಯುತ್ತಾರೆ. ಈ ಹಕ್ಕಿ ನಮ್ಮ ಹೊಲಗಳ ಕವುಜುಗದ ದೂರದ ಬಳಗ. ಗರಿಯ ಎಳೆಗಳು ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿ ನಿಲ್ಲುತ್ತವೆ. ರೆಕ್ಕೆಯಿಲ್ಲ, ಕಣ್ಣಿಲ್ಲ. ಕೈಯಲ್ಲಿ ಹಿಡಿದು ನೋಡಿದರೆ ಯಾವ ಹುಳುವನ್ನೂ ಹೋಲುವುದಿಲ್ಲ.

ಅದರ ಗುಟ್ಟು ತಿಳಿಯುವುದು ನೀರಿಗಿಳಿದಾಗ. ಹುಂಜದ ಕತ್ತಿನ ಗರಿ ಬಿರುಸು. ಅದು ನೊಣವನ್ನು ನೀರಿನ ಮೇಲೆ ತೇಲಿಸುತ್ತದೆ. ಪಾರ್ಟ್ರಿಜ್, ಹೇಂಟೆಗಳ ಗರಿ ಮೆದು; ಅದು ನೆನೆದು ಮುಳುಗುತ್ತದೆ, ಸೆಳವಿನ ಪ್ರತಿ ತುಯ್ತಕ್ಕೂ ಮುದುಡಿ ಅರಳುತ್ತದೆ. ಕಾಲು ಬಡಿಯುತ್ತ ಮೇಲೇರುವ ಜೀವಂತ ಹುಳುವಿನಂತೆ ಮೀನಿಗೆ ಕಾಣುವುದು ಆ ಚಲನೆಯಿಂದ. ಗರಿಯನ್ನು ಹೆಚ್ಚು ಸುತ್ತಿದರೆ ಎಳೆಗಳು ದಟ್ಟವಾಗಿ ಆಟ ನಿಂತುಹೋಗುತ್ತದೆ. ಬೇಟೆಗಾರ ನೊಣವನ್ನು ಸೆಳವಿಗೆ ಅಡ್ಡಲಾಗಿ ಎಸೆದು, ನೀರೇ ಅದನ್ನು ಕಮಾನಿನಂತೆ ಒಯ್ಯಲು ಬಿಡುತ್ತಾನೆ. ಕೆಲಸ ಮಾಡುವುದು ಹೊಳೆ. ಕೈಯ ಕೆಲಸ ದಾರ ಅತಿಯಾಗಿ ಬಿಗಿಯದಂತೆ ನೋಡಿಕೊಳ್ಳುವುದು.

ಈ ಕಲೆ ಬಹು ಹಳೆಯದು. ಮೆಸಿಡೋನಿಯದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ಕ್ರಿ.ಶ. 200ರ ಸುಮಾರಿನಲ್ಲಿ ಈಲಿಯನ್ ಎಂಬ ರೋಮನ್ ಲೇಖಕ ಬರೆದಿಟ್ಟ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳದ ಕೈಪಿಡಿಯೊಂದು 12 ನೊಣಗಳನ್ನು ವಿವರಿಸಿತು. ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೀವರ್ಟ್ 1857ರಲ್ಲಿ, ಯಾರ್ಕ್‌ಷೈರಿನ ಟಿ. ಇ. ಪ್ರಿಟ್ 1885ರಲ್ಲಿ ತಮ್ಮ ತಮ್ಮ ತೊರೆಗಳ ಮೆದು ಗರಿಯ ನೊಣಗಳನ್ನು ಪುಸ್ತಕಕ್ಕಿಳಿಸಿದರು. ತೇಲುವ ನೊಣಗಳ ಹುಚ್ಚಿನಲ್ಲಿ ಇವು ಬಹುಮಟ್ಟಿಗೆ ಹಿಂದೆ ಸರಿದಿದ್ದಾಗ, ಅಮೆರಿಕದ ಸಿಲ್ವೆಸ್ಟರ್ ನೀಮ್ಸ್ 1975ರಲ್ಲಿ ಬರೆದ ಪುಸ್ತಕ ಮತ್ತೆ ಜನರ ಗಮನ ಸೆಳೆಯಿತು. ಬರಹದಲ್ಲಿ ಉಳಿದಿದ್ದರಿಂದಲೇ ಅದು ಮರಳಿ ಬರಲು ಸಾಧ್ಯವಾಯಿತು.

ಟ್ರೌಟ್ ರಾಯಚೂರಿನ ನೀರಿನಲ್ಲಿ ಬಾಳುವ ಮೀನಲ್ಲ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಹಳ ಮೇಲೇರಿದರೆ ಅದಕ್ಕೆ ಸಂಕಟ. ಕರ್ನಾಟಕಕ್ಕೆ ಅದು ಅತಿ ಸಮೀಪ ಬಂದದ್ದು ಚಾಮರಾಜನಗರದ ಗಡಿಯಾಚೆಯ ನೀಲಗಿರಿಯಲ್ಲಿ. ಅಲ್ಲಿ 19ನೆಯ ಶತಮಾನದಲ್ಲಿ ಫ್ರಾನ್ಸಿಸ್ ಡೇ ನಡೆಸಿದ ಯತ್ನ ಕೈಗೂಡಲಿಲ್ಲ. ಬಳಿಕ 1907ರಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿಕೇಂದ್ರ ಸ್ಥಾಪಿಸಿದ ಮೇಲೆ ಕಾಮನಬಿಲ್ಲಿನ ಬಣ್ಣದ ರೇನ್‌ಬೋ ಟ್ರೌಟ್ ಅಲ್ಲಿ ನೆಲೆಯೂರಿತು. ದೊರೆಗಳ ಜೊತೆ ಅವರ ಮೀನೂ ಬಂತು, ನೊಣವೂ ಬಂತು.

ಹಾಗೆಂದು ಗಾಳದ ಶಾಸ್ತ್ರವೇ ಹಡಗಿನಲ್ಲಿ ಬಂತೆಂದು ಭಾವಿಸಬೇಕಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ, ‘ಭೂಲೋಕಮಲ್ಲ’, ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ನೂರು ಅಧ್ಯಾಯಗಳ ಆ ವಿಶ್ವಕೋಶದಲ್ಲಿ ಆನೆ, ಕುದುರೆ, ಅಡುಗೆ, ಸಂಗೀತಗಳ ಜೊತೆಗೆ ‘ಮತ್ಸ್ಯವಿನೋದ’ವೂ ಇದೆ. ಇಂಗ್ಲೆಂಡಿನ ಕೈಪಿಡಿಗಿಂತ ಮೂರೂವರೆ ಶತಮಾನ ಹಿಂದಿನ ಬರಹ ಅದು. ಸುಮಾರು 35 ಬಗೆಯ ಮೀನುಗಳನ್ನು ಕಡಲಿನವು, ಹೊಳೆಯವು, ಹುರುಪೆ ಇರುವವು, ಇಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಹಿಡಿಸುತ್ತದೆ ಎಂದು ಅರಸ ಹೇಳುತ್ತಾನೆ. ಮೊದಲು ಆಹಾರ ಹಾಕಿ ಮೀನನ್ನು ಪಳಗಿಸಬೇಕು; ಕೋಲು, ದಾರ, ಗಾಳಗಳ ಮಾತು ಆಮೇಲೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ವಿವರವಾಗಿ ಪರಿಶೀಲಿಸಿ ಪ್ರಕಟಿಸಿದರು.

ಯಾರ್ಕ್‌ಷೈರಿನವನು ಆಹಾರದ ಸೋಗು ಹಾಕಿದ. ಕಲ್ಯಾಣದ ಅರಸ ಆಹಾರವನ್ನೇ ಒಡ್ಡಿದ. ಇಬ್ಬರ ಮೊದಲ ಪ್ರಶ್ನೆ ಒಂದೇ: ಈ ಮೀನು ಏನು ತಿನ್ನುತ್ತದೆ, ಎಲ್ಲಿ, ಯಾವಾಗ? ಗಾಳದ ವಿದ್ಯೆಯ ತಿರುಳು ಗಾಳದಲ್ಲಿಲ್ಲ, ಈ ಅರಿವಿನಲ್ಲಿದೆ. ಅರಸನಾದರೂ ಅದನ್ನು ಅರಮನೆಯಲ್ಲಿ ಕುಳಿತು ಕಲಿತಿರಲಾರ. ನೀರಿನಲ್ಲೇ ಬದುಕು ಕಳೆದ ಬೆಸ್ತರ, ಅಂಬಿಗರ ಅನುಭವ ಅದರ ಹಿಂದೆ ಇರಲೇಬೇಕು. ಗ್ರಂಥಕ್ಕೆ ಅರಸನ ಹೆಸರು ಉಳಿಯಿತು, ಅವರದು ಉಳಿಯಲಿಲ್ಲ.

ಅಂಥ ಅರಿವು ಹೊಳೆ ಬದಲಾದಂತೆ ಸವೆಯುತ್ತದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಎದ್ದ ಮೇಲೆ, ನಂತರ ಕೃಷ್ಣೆಗೆ ನಾರಾಯಣಪುರ, ಆಲಮಟ್ಟಿಗಳು ಬಂದ ಮೇಲೆ ನೀರಿನ ಏರಿಳಿತದ ಕಾಲವೇ ಬೇರೆಯಾಯಿತು. ಗಂಗಾ ಬಯಲಿನ ಕಾಟ್ಲಾ, ರೋಹು ಜಲಾಶಯ ಸೇರಿದವು. ಕಾಲುವೆಯಿಂದ ಹೊಲಗಳಿಗೆ ಅನ್ನ ಬಂತು ಎಂಬುದು ನಿಜ. ಆದರೆ ಬಾಳೆಮೀನು ಯಾವ ಮಡುವಿನಲ್ಲಿ ಹೊಂಚುತ್ತದೆ, ಹೊಸ ನೀರು ಬಂದಾಗ ಯಾವ ಮೀನು ಎತ್ತ ಏರುತ್ತದೆ ಎಂಬ ತಿಳಿವಳಿಕೆ ಬಹುಪಾಲು ಹಿರಿಯರ ಬಾಯಲ್ಲಷ್ಟೇ ಇದೆ. ಒಂದು ತೊರೆಯ ನೊಣಗಳನ್ನು ಯಾರೋ ಬರೆದಿಟ್ಟರೆಂದು ಸಾಗರದಾಚೆ ಆ ಕಲೆ ಮರುಹುಟ್ಟು ಪಡೆಯಿತು. ಕೃಷ್ಣೆಯ ದಂಡೆಯಲ್ಲಿ ಹರಿಗೋಲು ನಡೆಸಿದ ಮುದುಕರನ್ನು ಕೂರಿಸಿಕೊಂಡು, ಒಂದೊಂದು ಮೀನಿನ ಹೆಸರು, ಊಟ, ಋತುಗಳನ್ನು ಕೇಳಿ ಬರೆದುಕೊಳ್ಳಲು ಅರಸನೇ ಆಗಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದಿಷ್ಟು ಬಿಡುವು ಸಾಕು.