ಮೊದಲು ಹಾಡು, ಆಮ್ಯಾಲ ಪೆಟ್ಟಿಗಿ: ಮನೆಗೆ ನೆಟ್‌ವರ್ಕ್ ಪ್ಲೇಯರ್ ತಗೊಳ್ಳೋ ಮುಂಚೆ

ಸವದತ್ತಿ ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕುಂತವರಿಗೂ, ಕಿತ್ತೂರಾಗ ಅಂಗಡಿ ಕಟ್ಟಿ ಮ್ಯಾಲ ಫೋನ್ ಇಟ್ಟು ಕೇಳೋವ್ರಿಗೂ ನಮಸ್ಕಾರ. ಇವತ್ತಿನ ಮಾತು ಒಂದು ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜಿನಿಂದ ಶುರು ಆಗಿದ್ದು.

ರಾಮದುರ್ಗ ಕಡೆಯ ಒಬ್ಬ ಕೇಳುಗ ಕಳಿಸಿದ್ದು. ಹೆಸರು ಹೇಳೂದು ಬ್ಯಾಡ ಅಂದಾನ, ಹೇಳಂಗಿಲ್ಲ. ಅವನ ಮಾತು ಹಿಂಗಿತ್ತು: "ಅಣ್ಣಾ, 30 ಸಾವಿರ ಕೂಡಿಸೇನಿ. ಮನ್ಯಾಗ ಹಳೇ ಆಂಪ್ಲಿಫೈಯರ್, ಎರಡು ಸ್ಪೀಕರ್ ಅದಾವ. ಅಪ್ಪಗ ಕಣ್ಣು ಮಂಜಾಗ್ಯಾವ, ಟಿವಿ ನೋಡೂದು ಬಿಟ್ಟಾನ. ಹಾಡು ಕೇಳಕೊಂತ ಹೊತ್ತು ಕಳೀತಾನ. ಒಂದು ಚಲೋ ಹೈ-ರೆಸ್ ನೆಟ್‌ವರ್ಕ್ ಪ್ಲೇಯರ್ ಹೇಳು."

ನೆಟ್‌ವರ್ಕ್ ಪ್ಲೇಯರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಮನೆಯ ವೈ-ಫೈಗೆ ಕೂಡುವ ಸಣ್ಣ ಪೆಟ್ಟಿಗೆ. ಇಂಟರ್ನೆಟ್‌ನಿಂದ ಹಾಡನ್ನು ತಾನೇ ಎಳೆದುಕೊಂಡು ನಿಮ್ಮ ಆಂಪ್ಲಿಫೈಯರ್‌ಗೆ ಕೊಡುತ್ತದೆ. ಸ್ಟ್ರೀಮರ್ ಅಂತಲೂ ಕರೀತಾರೆ.

ನಾನು ಮಾಡೆಲ್ ಹೆಸರು ಹೇಳಲಿಲ್ಲ. ತಿರುಗಿ ಕೇಳಿದೆ: "ತಮ್ಮಾ, ಅಪ್ಪ ಏನು ಕೇಳ್ತಾರ?" ಮರುದಿನ ಪಟ್ಟಿ ಬಂತು. ಮುಂಜಾನೆ ಮಲ್ಲಿಕಾರ್ಜುನ ಮನ್ಸೂರರ ವಚನ. ಮಧ್ಯಾಹ್ನ ಕುಮಾರ ಗಂಧರ್ವ. ಸಂಜೀಕ ಸಂಗ್ಯಾ ಬಾಳ್ಯಾ ಸಣ್ಣಾಟ. ಕೊನೆಗೆ ತಮ್ಮೂರ ಭಜನಿ ಮ್ಯಾಳದ ಪದ. ಆ ಪದ ಕ್ಯಾಸೆಟ್‌ನ್ಯಾಗ ಅದಾವ, ಪೇಟಿ ಬಾರಿಸಿದವರು ಈಗಿಲ್ಲ, ಮನ್ಯಾಗಿನ ಟೇಪ್‌ರೆಕಾರ್ಡರ್ ಕೆಟ್ಟೈತಿ.

ಈ ಪಟ್ಟಿ ನೋಡಿದ ಕೂಡಲೇ ನನ್ನ ಸ್ವಂತ ತಪ್ಪು ನೆನಪಾತು.

ಎರಡು ವರ್ಷದ ಹಿಂದೆ ನಾನೂ ಒಂದು ಸ್ಟ್ರೀಮರ್ ತಗೊಂಡೆ. ಇಂಗ್ಲಿಷ್ ವಿಡಿಯೊ ರಿವ್ಯೂ ಹತ್ತಿಪ್ಪತ್ತು ನೋಡಿ, ಡಬ್ಬಿ ಮೇಲೆ ಟೈಡಲ್, ಕೋಬಝ್ ಲೋಗೊ ನೋಡಿ ಖುಷಿಪಟ್ಟು ತಗೊಂಡೆ. ಮನೆಗೆ ತಂದ ಮೇಲೆ ಗೊತ್ತಾಯಿತು, ಆ ಎರಡೂ ಸೇವೆಗಳು ಭಾರತದಲ್ಲಿ ಅಧಿಕೃತವಾಗಿ ಚಂದಾ ಮಾರುವುದಿಲ್ಲ. ರಿವ್ಯೂ ಮಾಡಿದವರು ಇದ್ದದ್ದು ಲಂಡನ್ನಿನಲ್ಲಿ, ನಾನಿದ್ದದ್ದು ಬೈಲಹೊಂಗಲದಲ್ಲಿ.

ಅವತ್ತೇ ನಮ್ಮ ಕಾಕಾ ಬಂದಿದ್ರು. "ಸಂಗ್ಯಾ ಬಾಳ್ಯಾ ಹಚ್ಚಪಾ, ನಮ್ಮ ಕಡೀ ಆಟ" ಅಂದ್ರು. ಅವರು ಕೇಳಿದ ಆ ಹಳೇ ರೆಕಾರ್ಡಿಂಗ್ ಇದ್ದದ್ದು ಯೂಟ್ಯೂಬಿನಲ್ಲಿ. ನನ್ನ ಪೆಟ್ಟಿಗೆಗೆ ಯೂಟ್ಯೂಬಿನಿಂದ ದಾರಿಯೇ ಇರಲಿಲ್ಲ. ಆ ಮಾಡೆಲ್‌ನಲ್ಲಿ ಬ್ಲೂಟೂತ್ ಕೂಡ ಇರಲಿಲ್ಲ. ಕಾಕಾ ತಮ್ಮ ಮೊಬೈಲಿನ ಸ್ಪೀಕರ್‌ನಲ್ಲೇ ಹಚ್ಚಿಕೊಂಡು ಕೇಳಿದ್ರು. "ಇಷ್ಟ ರೊಕ್ಕ ಹಾಕಿ ಇದನ್ಯಾಕ ತಂದಿ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ನಾನು ಬಿ.ಕಾಂ ಓದಿದವ, ಖರೀದಿ ಮಾಡೋ ಮುಂಚೆ ಲೆಕ್ಕ ಬರೀಬೇಕಿತ್ತು. ಈಗ ಬರೀತೀನಿ. ಕ್ರಮ ಹಿಂಗ: ಕೇಳೋರು ಯಾರು, ಹಾಡು ಯಾವುದು, ಅದು ಯಾವ ಆ್ಯಪ್‌ನಲ್ಲಿದೆ, ಆ ಆ್ಯಪ್‌ನಿಂದ ಪೆಟ್ಟಿಗೆಗೆ ಯಾವ ದಾರಿ, ಎಲ್ಲಕ್ಕಿಂತ ಕೊನೆಗೆ ಪೆಟ್ಟಿಗೆ. ನಾನು ಇದನ್ನು ಪೂರ್ತಿ ಉಲ್ಟಾ ಮಾಡಿದ್ದೆ.

ಮೊದಲು ಹಾಡು ಮತ್ತು ಆ್ಯಪ್. ಮನೆಯಲ್ಲಿ ನಿಜವಾಗಿ ಕೇಳುವ 10 ಹಾಡು ಬರೆಯಿರಿ. ನಿಮ್ಮ 5, ಮನೆಯ ಹಿರಿಯರ 5. ಪ್ರತಿ ಆ್ಯಪ್‌ನಲ್ಲೂ ಆ ಹತ್ತನ್ನು ಹುಡುಕಿ. ಉಚಿತ ಅವಧಿ ಇದ್ದರೆ ಬಳಸಿಕೊಳ್ಳಿ, ಇಲ್ಲದಿದ್ದರೆ ಒಂದೇ ತಿಂಗಳ ಚಂದಾ ಕಟ್ಟಿ ನೋಡಿ. ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿ ಹುಡುಕೋದು ಮರೀಬ್ಯಾಡ್ರಿ. ಮನ್ಸೂರರ ಹೆಸರು ಒಂದು ಕಡೆ ಒಂದು 'ಯು' ಹಾಕಿ, ಇನ್ನೊಂದು ಕಡೆ ಎರಡು 'ಓ' ಹಾಕಿ ಇರುತ್ತೆ.

ನಮ್ಮ ಭಾಗದ ಪಟ್ಟಿ ಸಾಮಾನ್ಯವಾಗಿ ಮೂರು ಪಾಲಾಗುತ್ತದೆ. ಮೊದಲನೇ ಪಾಲು, ಕಂಪನಿಗಳು ರೆಕಾರ್ಡ್ ಮಾಡಿದ್ದು. 1910ರಲ್ಲಿ ಧಾರವಾಡದ ಪಕ್ಕದ ಮನಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರ, 1924ರಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಇವರೆಲ್ಲ ದೊಡ್ಡ ಆ್ಯಪ್‌ಗಳಲ್ಲಿ ಸಿಗ್ತಾರೆ. ಎರಡನೇ ಪಾಲು ಸಣ್ಣಾಟ, ದೊಡ್ಡಾಟ, ಗೀಗೀ ಪದ, ಎಲ್ಲಮ್ಮನ ಗುಡ್ಡದ ಚೌಡಿಕೆ ಪದ. ಇವು ಹೆಚ್ಚಾಗಿ ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿದ ರೂಪದಲ್ಲಿ ಸಿಗುತ್ತವೆ. ಆಕಾಶವಾಣಿ, ದೂರದರ್ಶನದ ಹಳೆಯ ಧ್ವನಿಮುದ್ರಣ ಬೇಕಂದರೆ ಪ್ರಸಾರ ಭಾರತಿ ಆರ್ಕೈವ್ಸ್‌ನ ಯೂಟ್ಯೂಬ್ ಚಾನೆಲ್ ನೋಡಬಹುದು. ಮೂರನೇ ಪಾಲು ನಿಮ್ಮ ಮನೆಯ ಟ್ರಂಕಿನಲ್ಲಿ ಮಾತ್ರ ಇರೋದು, ಕ್ಯಾಸೆಟ್.

ಮೂರೂ ಪಾಲು ಬೇಕಾದ ಮನೆಗೆ ಒಂದೇ ದಾರಿಯ ಪೆಟ್ಟಿಗೆ ಸಾಲಂಗಿಲ್ಲ.

ಈಗ ದಾರಿಗಳಿಗೆ ಬರೋಣ. ಒಂದು, ಸ್ಪಾಟಿಫೈ ಕನೆಕ್ಟ್. ಇದರಲ್ಲಿ ನಿಮ್ಮ ಫೋನ್ ಬರೇ ರಿಮೋಟ್ ಇದ್ದಂಗ. ಹಾಡನ್ನು ಪೆಟ್ಟಿಗೆಯೇ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ನಿಮಗೆ ಫೋನ್ ಬಂದರೂ ಹಾಡು ನಿಲ್ಲಂಗಿಲ್ಲ. ಎರಡು, ಗೂಗಲ್ ಕಾಸ್ಟ್. ಯೂಟ್ಯೂಬ್ ಮ್ಯೂಸಿಕ್‌ಗೆ ಇದೇ ದಾರಿ. ಆಂಡ್ರಾಯ್ಡ್ ಫೋನಿನ ಆ್ಯಪಲ್ ಮ್ಯೂಸಿಕ್ ಕೂಡ ಇದರಿಂದ ಹೋಗುತ್ತದೆ. ಮೂರು, ಏರ್‌ಪ್ಲೇ. ಇದು ಐಫೋನ್ ಇದ್ದವರಿಗೆ. ನಾಲ್ಕು, ಬ್ಲೂಟೂತ್. ಇದರಲ್ಲಿ ಹಾಡು ಮತ್ತೊಮ್ಮೆ ಕಂಪ್ರೆಸ್ ಆಗುತ್ತದೆ, ಆದರೆ ಫೋನಿನಲ್ಲಿ ನುಡಿಯುವ ಏನೇ ಇದ್ದರೂ ಹೋಗುತ್ತದೆ. ಐದು, ವಾಯರ್. ಪೆಟ್ಟಿಗೆಗೆ ಆಕ್ಸ್ ಇನ್‌ಪುಟ್ ಇದ್ದರೆ ಟೇಪ್‌ರೆಕಾರ್ಡರನ್ನೂ ಕೂಡಿಸಬಹುದು.

ಇಲ್ಲೊಂದು ಗುಂಡಿ ಐತಿ, ನಾನು ಬಿದ್ದದ್ದು ಇದರಾಗ. ಯೂಟ್ಯೂಬ್ ಮ್ಯೂಸಿಕ್ ಬೇರೆ, ಸಾದಾ ಯೂಟ್ಯೂಬ್ ಬೇರೆ. ಸಾದಾ ಯೂಟ್ಯೂಬ್ ವಿಡಿಯೊವನ್ನು ಬರೇ ಆಡಿಯೊ ಇರುವ ಪೆಟ್ಟಿಗೆಗೆ ಕಾಸ್ಟ್ ಮಾಡೋಕೆ ಬರೋದಿಲ್ಲ. ಆಂಡ್ರಾಯ್ಡ್ ಫೋನಿನಿಂದ ಸಣ್ಣಾಟ ಕೇಳಬೇಕಂದ್ರ ಬ್ಲೂಟೂತ್ ಬೇಕು, ಇಲ್ಲಾ ವಾಯರ್ ಬೇಕು. ಇನ್ನೊಂದು ಉಪಾಯ, ಸ್ಮಾರ್ಟ್ ಟಿವಿ ಇದ್ದರೆ ಅದರ ಹಿಂದಿನ ಆಡಿಯೊ ಔಟ್‌ನಿಂದ ಆಂಪ್ಲಿಫೈಯರ್‌ಗೆ ಒಂದು ವಾಯರ್ ಎಳೆಯಿರಿ. ಕೆಲವು ನೂರು ರೂಪಾಯಿ ಕೆಲಸ.

ಡಬ್ಬಿ ಓದೋವಾಗ ಕಂಪನಿ ಹೆಸರು ನೋಡಿ ನಂಬಬ್ಯಾಡ್ರಿ, ಮಾಡೆಲ್ ನೋಡ್ರಿ. ವೀಮ್ ಅನ್ನೋ ಒಂದೇ ಕಂಪನಿ ತಗೊಳ್ಳಿ. ಅದರ ಮಿನಿಯಲ್ಲಿ ಏರ್‌ಪ್ಲೇ ಇದೆ, ಗೂಗಲ್ ಕಾಸ್ಟ್ ಇಲ್ಲ. ಪ್ರೊದಲ್ಲಿ ಎರಡೂ ಇವೆ. ಪ್ರೊಕ್ಕಿಂತ ದುಬಾರಿಯಾದ ಅಲ್ಟ್ರಾದಲ್ಲಿ ಕಾಸ್ಟ್ ಇದೆ, ಏರ್‌ಪ್ಲೇ ಇಲ್ಲ. ರೊಕ್ಕ ಜಾಸ್ತಿ ಕೊಟ್ಟರೆ ಎಲ್ಲಾ ಬರ್ತಾವ ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಇನ್ನು ಹೈ-ರೆಸ್. ಯೂಟ್ಯೂಬ್ ಮ್ಯೂಸಿಕ್ ಹೆಚ್ಚೆಂದರೆ 256 ಕೆಬಿಪಿಎಸ್ ಕೊಡುತ್ತದೆ. ಆ್ಯಪಲ್ ಮ್ಯೂಸಿಕ್ ಭಾರತದಲ್ಲಿ 2021ರಿಂದ ಲಾಸ್‌ಲೆಸ್ ಕೊಡ್ತಿದೆ, 24 ಬಿಟ್, 192 ಕಿಲೋಹರ್ಟ್ಸ್ ತನಕ, ಬೇರೆ ದುಡ್ಡಿಲ್ಲದೆ. ಸ್ಪಾಟಿಫೈ 2025ರಲ್ಲಿ 24 ಬಿಟ್, 44.1 ಕಿಲೋಹರ್ಟ್ಸ್ ತನಕ ಲಾಸ್‌ಲೆಸ್ ಶುರು ಮಾಡಿತು. ಆದರೆ ನಮ್ಮಲ್ಲಿ ಎಲ್ಲಾ ಪ್ಲ್ಯಾನ್‌ನಲ್ಲಿ ಅದು ಸಿಗೋದಿಲ್ಲ, ನೋಡಿ ಕಟ್ಟಿ.

ಈಗ ಡೇಟಾ ಲೆಕ್ಕ. ಆ್ಯಪಲ್ ಕಂಪನಿಯೇ ಹೇಳುವ ಪ್ರಕಾರ 3 ನಿಮಿಷದ ಹಾಡಿಗೆ 256 ಕೆಬಿಪಿಎಸ್‌ನಲ್ಲಿ 6 ಎಂಬಿ, ಲಾಸ್‌ಲೆಸ್‌ನಲ್ಲಿ 36 ಎಂಬಿ, 192 ಕಿಲೋಹರ್ಟ್ಸ್ ಹೈ-ರೆಸ್‌ನಲ್ಲಿ 145 ಎಂಬಿ ಬೇಕು. ನಿಮ್ಮದು ದಿನಕ್ಕೆ 1.5 ಜಿಬಿ ಪ್ಲ್ಯಾನ್ ಅಂತ ಹಿಡೀರಿ. ಸಾದಾ ಆದರೆ 250 ಹಾಡು, ಲಾಸ್‌ಲೆಸ್ ಆದರೆ 40ರ ಆಸುಪಾಸು, ಹೈ-ರೆಸ್ ಆದರೆ ಹತ್ತೇ ಹಾಡು. ಅರ್ಧ ತಾಸಿನಾಗ ಡೇಟಾ ಖಲಾಸ್. ಮನೆಗೆ ಫೈಬರ್ ಇಲ್ಲದವರು ಹೈ-ರೆಸ್ ಮಾತು ಸದ್ಯಕ್ಕೆ ಬಿಟ್ಟುಬಿಡಿ.

ಇನ್ನೂ ಒಂದು ಮಾತು. ಮನ್ಸೂರರು ಶುರುವಿನಲ್ಲಿ ಕೊಟ್ಟದ್ದು 78 ಆರ್‌ಪಿಎಂ ತಟ್ಟೆಗಳನ್ನು. ಒಂದು ಬದಿಗೆ ಸುಮಾರು 3 ನಿಮಿಷದ ಹಾಡು. ಆ ತಟ್ಟೆಯಲ್ಲಿ ಇಲ್ಲದ್ದನ್ನು 192 ಕಿಲೋಹರ್ಟ್ಸ್ ತಂದುಕೊಡೋದಿಲ್ಲ. ಅದೇ ದುಡ್ಡನ್ನು ಸ್ಪೀಕರ್‌ಗೆ ಹಾಕಿದರೆ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ದುಡ್ಡೇ ಇಲ್ಲದೆ ಮಾಡಬಹುದಾದ್ದೂ ಇದೆ. ಸ್ಪೀಕರನ್ನು ಮೂಲೆಯಿಂದ ಒಂದು ಮೊಳ ಈಚೆ ತಂದು, ಕುಂತವರ ಕಿವಿ ಎತ್ತರಕ್ಕೆ ಇಡಿ.

ನಮ್ಮ ಮನೆಗಳ ಕತೆಯೂ ಬೇರೆ. ಕಲ್ಲು-ಮಣ್ಣಿನ ದಪ್ಪ ಗೋಡೆ ದಾಟಿ ವೈ-ಫೈ ಬರೂದು ತ್ರಾಸು. ರೂಟರ್ ಪಡಸಾಲ್ಯಾಗ, ಸ್ಪೀಕರ್ ಒಳಗಿನ ಖೋಲ್ಯಾಗ ಇದ್ದರೆ 5 ಗಿಗಾಹರ್ಟ್ಸ್ ಬಿಟ್ಟು 2.4 ಹಚ್ಚಿರಿ, ಅದು ಗೋಡೆ ಚಲೋ ದಾಟುತ್ತದೆ. ಆಗದಿದ್ದರೆ ಲ್ಯಾನ್ ವಾಯರ್ ಎಳೆಯಿರಿ, ಅದಕ್ಕಾಗಿ ಲ್ಯಾನ್ ಪೋರ್ಟ್ ಇರುವ ಪ್ಲೇಯರನ್ನೇ ಆರಿಸಿ. ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ಮತ್ತೆ ಶುರು ಆಗಬೇಕು, ಪೆಟ್ಟಿಗೆ ಅದನ್ನು ಮತ್ತೆ ಹುಡುಕಬೇಕು. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಇಟ್ಟರೆ ಅರ್ಧ ತಲೆನೋವು ಹೋಗುತ್ತದೆ.

ಈಗ ಕ್ಯಾಸೆಟ್. ಚಂದಾ ಅಂದರೆ ಬಾಡಿಗೆ. ತಿಂಗಳಿಗೆ 150 ಅಂತ ಹಿಡಿದರೂ 5 ವರ್ಷಕ್ಕೆ 9 ಸಾವಿರ. ಕಟ್ಟೋದು ನಿಲ್ಲಿಸಿದ ದಿನ ಡೌನ್‌ಲೋಡ್ ಮಾಡಿದ ಹಾಡೂ ಹೋಗುತ್ತದೆ. ಅಂಗಡಿಯೇ ಮುಚ್ಚಿದ್ದನ್ನೂ ನೋಡೇವಿ. 2024ರಲ್ಲಿ ರೆಸ್ಸೊ ಭಾರತದಿಂದ ಹೋಯಿತು, ಅದೇ ವರ್ಷ ವಿಂಕ್ ಮುಚ್ಚುವ ಸುದ್ದಿ ಬಂತು. ದೊಡ್ಡ ಗಾಯಕರ ಹಾಡು ಇನ್ನೊಂದು ಆ್ಯಪ್‌ನಲ್ಲಿ ಸಿಗುತ್ತೆ. ನಿಮ್ಮೂರ ಭಜನಿ ಮ್ಯಾಳದ ಹಾಡು ಎಲ್ಲಿ ಸಿಗುತ್ತೆ? ಟೇಪಿಗೆ ಬೂಸಲು ಬಂದರೆ ಅಲ್ಲಿಗೆ ಮುಗೀತು.

ಅದನ್ನು ಉಳಿಸೋದು ಕಷ್ಟದ ಕೆಲಸ ಅಲ್ಲ. ಹಳೇ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಸಿ, ಹೆಡ್ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದೆ-ಹಿಂದೆ ಓಡಿಸಿ. ಲೈನ್-ಇನ್ ಇರುವ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ಲ್ಯಾಪ್‌ಟಾಪಿಗೆ ಕೂಡಿಸಿ. ಅಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ. ಸಿಡಿ ಮಟ್ಟದಲ್ಲಿ ಇಟ್ಟರೆ 90 ನಿಮಿಷದ ಕ್ಯಾಸೆಟ್‌ಗೆ 1 ಜಿಬಿಗಿಂತ ಸ್ವಲ್ಪ ಕಡಿಮೆ ಜಾಗ ಬೇಕು. 32 ಜಿಬಿ ಪೆನ್‌ಡ್ರೈವಿನಲ್ಲಿ 30 ಕ್ಯಾಸೆಟ್ ಕೂಡುತ್ತವೆ. ಎರಡು ಕಾಪಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿ ಇಡಿ.

ಹಂಗಾದ್ರ ನಮ್ಮ ರಾಮದುರ್ಗದ ತಮ್ಮಗ ಏನು ಹೇಳಿದೆ? 30 ಸಾವಿರವನ್ನು ಒಂದೇ ಪೆಟ್ಟಿಗೆ ಮೇಲೆ ಹಾಕಬ್ಯಾಡ ಅಂದೆ. ಮೊದಲು ಟೇಪ್ ರಿಪೇರಿ. ಆಮ್ಯಾಲ ಮನೆಯಲ್ಲಿ ಮೂಲೆಗೆ ಬಿದ್ದ ಹಳೇ ಸ್ಮಾರ್ಟ್‌ಫೋನ್ ತಗೊಂಡು, ಸಿಮ್ ತೆಗೆದು, ವೈ-ಫೈ ಹಚ್ಚಿ, 3.5 ಎಂಎಂನಿಂದ ಆರ್‌ಸಿಎ ವಾಯರ್ ಹಾಕಿ ಆಂಪ್ಲಿಫೈಯರ್‌ಗೆ ಕೂಡಿಸು. ಫೋನಿಗೆ ಇಯರ್‌ಫೋನ್ ತೂತು ಇಲ್ಲದಿದ್ದರೆ ಟೈಪ್-ಸಿ ಡಾಂಗಲ್ ಬರ್ತದ. ಒಂದು ತಿಂಗಳು ಹಿಂಗ ಕೇಳಿ ನೋಡು. ಚಾರ್ಜರ್‌ಗೆ ಮಾತ್ರ ಹಗಲೂ ರಾತ್ರಿ ಹಚ್ಚಿ ಬಿಡಬ್ಯಾಡ, ಬ್ಯಾಟರಿ ಉಬ್ಬುತ್ತದೆ.

ತಿಂಗಳಾದ ಮೇಲೆ ಪ್ಲೇಯರ್ ಬೇಕೇ ಅನಿಸಿದರೆ ನೋಡಬೇಕಾದ್ದು ಇಷ್ಟು: ನಿನ್ನ ಆ್ಯಪ್‌ನ ದಾರಿ, ಬ್ಲೂಟೂತ್, ಆಕ್ಸ್ ಇನ್, ಲ್ಯಾನ್ ಪೋರ್ಟ್. ಪೆನ್‌ಡ್ರೈವ್ ನೇರ ಓದುವ ಯುಎಸ್‌ಬಿ ಇದ್ದರೆ ಇನ್ನೂ ಚಲೋ. ಕೈ ನಡೆಯುವವರು ರಾಸ್ಪ್‌ಬೆರಿ ಪೈ ಮೇಲೆ ವೊಲುಮಿಯೊ ಹಾಕಿಕೊಂಡೂ ಇದನ್ನು ಮಾಡಬಹುದು. ಎಲ್ಲಕ್ಕಿಂತ ಮುಖ್ಯ, ರಿಮೋಟ್‌ನಲ್ಲಿ ಪ್ರೀಸೆಟ್ ಗುಂಡಿ ಇರಬೇಕು. ಅಪ್ಪಗ ಕಣ್ಣು ಕಾಣೂದು ಕಡಿಮಿ. ಬೆರಳಿನಿಂದ ಮುಟ್ಟಿ, ಒಂದು ಒತ್ತಿದರೆ ಮನ್ಸೂರ, ಎರಡು ಒತ್ತಿದರೆ ಕುಮಾರ ಗಂಧರ್ವ ಬರಬೇಕು. ಮಗ ಕೆಲಸಕ್ಕೆ ಹೋದಾಗ ಫೋನ್ ಆ್ಯಪ್ ತೆರೆದು ಕೊಡೋರು ಮನೆಯಲ್ಲಿ ಯಾರಿರ್ತಾರೆ?

ಹೋದ ವಾರ ಅವನಿಂದ ಮತ್ತೊಂದು ವಾಯ್ಸ್ ಮೆಸೇಜ್ ಬಂತು. ಪ್ಲೇಯರ್ ಇನ್ನೂ ತಗೊಂಡಿಲ್ಲ. ಟೇಪ್ ರಿಪೇರಿ ಆಗೈತಿ, ಮೂರು ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸ್ಯಾನ. ಒಂದು ತುಣುಕು ಕಳಿಸಿದ್ದ. ಮೊದಲು ಸರ್ ಅನ್ನೋ ಸಪ್ಪಳ, ಯಾರೋ ಕೆಮ್ಮಿದ್ದು, ಆಮೇಲೆ ಪೇಟಿ. ಅವರಪ್ಪ ಹಿಂದಿನಿಂದ ಪೇಟಿ ಮಾಸ್ತರ ಹೆಸರು ಹಿಡಿದು ಕರೆದದ್ದು ಅದರಲ್ಲಿ ಕೇಳಿಸ್ತು.

ನಿಮ್ಮ ಮನೆಯ 10 ಹಾಡಿನ ಪಟ್ಟಿ ನನಗೂ ಕಳಿಸ್ರಿ. ಯಾವ ಆ್ಯಪ್‌ನಾಗ ಎಷ್ಟು ಸಿಕ್ಕವು ಅಂತ ಬರೀರಿ, ಮುಂದಿನ ಕಂತಿನಾಗ ಕೂತು ಲೆಕ್ಕ ಹಾಕೋಣ.