ಓಟದ ವೇಗ: ದಾರಿ ಮತ್ತು ಹವೆಯ ಪಾಲು



ಅಂಜನಾಪುರದಿಂದ ತುರಹಳ್ಳಿ ಕಾಡಿನ ಏರಿನತ್ತ ಓಡುವ ನೀವು ನಿಮ್ಮ ಸಮಯವನ್ನು ಬರ್ಲಿನ್‌ನವರ ಸಮಯದೊಂದಿಗೆ ಹೋಲಿಸಿ ಕುಗ್ಗಬೇಡಿ. ಬರ್ಲಿನ್ ಮ್ಯಾರಥಾನಿನ ದಾರಿ ಸಮತಟ್ಟು. ನಮ್ಮಲ್ಲಿ ಏರಿನಲ್ಲಿ ಕಳೆದುಕೊಂಡ ಸಮಯವೆಲ್ಲ ಇಳಿಜಾರಿನಲ್ಲಿ ಮರಳಿ ಸಿಗುವುದಿಲ್ಲ.

ಏರಿಗಿಂತಲೂ ಕಠಿಣವಾದದ್ದು ಸೆಕೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರದು, ಮೈ ತಣಿಯದು. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಆರಂಭವಾದದ್ದು ನಡುರಾತ್ರಿ (ಬಿಸಿಲೇ ಇಲ್ಲ, ಗಮನಿಸಿ!). ಆದರೂ ಹೊರಟ 68 ಮಂದಿಯಲ್ಲಿ ಗುರಿ ಮುಟ್ಟಿದವರು 40 ಮಂದಿ ಮಾತ್ರ. ಗೆದ್ದ ಕೀನ್ಯಾದ ರೂತ್ ಚೆಪಂಗೆಟಿಚ್ ತೆಗೆದುಕೊಂಡದ್ದು 2 ಗಂಟೆ 32 ನಿಮಿಷ 43 ಸೆಕೆಂಡು. ಅದೇ ಜನವರಿಯಲ್ಲಿ, ದುಬೈಯ ಸಮತಟ್ಟಾದ ದಾರಿಯಲ್ಲಿ, ಆಕೆಗೆ 2 ಗಂಟೆ 17 ನಿಮಿಷ 8 ಸೆಕೆಂಡು ಸಾಕಾಗಿತ್ತು.

ಏಪ್ರಿಲ್, ಮೇ ತಿಂಗಳಲ್ಲಿ ನೀವು ಓಡುವುದಾದರೆ ನಸುಕಿನಲ್ಲೇ ಹೊರಡಿ, ಮೊದಲಿನಿಂದಲೂ ನಿಧಾನವಾಗಿ ಓಡಿ. ತಲೆ ಸುತ್ತಿದರೆ ಗಡಿಯಾರ ನೋಡಬೇಡಿ, ನಿಂತು ನೆರಳಿಗೆ ಬನ್ನಿ.